ಬುತ್ತಿಯ ದಾಸೋಹ

ಚೈತ್ರಮಾಸವು ಬಂದಿತೆಂದರೆ ದಾವಣಗೆರೆಯ ಗೃಹಸ್ಥರು ಮಕ್ಕಳುಮರಿಗಳೊಡನೆ ಬುತ್ತಿ ಕಟ್ಟಿಕೊಂಡು ಹರಿಹರದ ಹಾದಿಯಲ್ಲಿರುವ ಬಾತಿಯ ಕೆರೆಯ ಕಡೆಗೆ ಹೊರಡುವುದುಂಟು. ಬೇವು ಹೂಬಿಟ್ಟಿರುತ್ತದೆ, ಹೊಂಗೆ ಚಿಗುರಿರುತ್ತದೆ. ಭದ್ರಾ ನಾಲೆಯ ನೀರುಂಡ ಗದ್ದೆಗಳಲ್ಲಿ ಬೇಸಗೆಯ ಬತ್ತವು ಹಸುರಾಗಿ ನಿಂತಿರುತ್ತದೆ. ತಂದೆಯು ಇಷ್ಟಲಿಂಗಪೂಜೆಯನ್ನು ಪೂರೈಸಿಯೇ ಹೊರಟಿರುವನು. ಹಣೆಯ ವಿಭೂತಿಯು ಇನ್ನೂ ಮಾಸಿರುವುದಿಲ್ಲ.

ಮರದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದಾಗ ಕುರಿ ಕಾಯುವ ಹುಡುಗನೊಬ್ಬನು ದೂರದಲ್ಲಿ ನಿಂತು ನೋಡುತ್ತಿರುವನೆಂದು ಭಾವಿಸೋಣ. ಐದು ವರ್ಷದ ಮಗುವು ತನ್ನ ಪಾಲಿನ ಮಂಡಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ಅವನತ್ತ ಓಡುತ್ತದೆ. "ಯಾರ ಮಗನೋ ಏನೋ, ಇತ್ತ ಬಾ" ಎಂದು ತಂದೆಯು ಗದರಿಸುತ್ತಾನೆ. ಮಠದ ದಾಸೋಹಕ್ಕೆ ಅಕ್ಕಿಯ ಚೀಲವನ್ನು ಇಳಿಸಿ ರಸೀದಿಯನ್ನು ಜೋಪಾನವಾಗಿಟ್ಟವನು ಈತನೇ! 12ನೆಯ ಶತಮಾನದಲ್ಲಿ ಬಸವಣ್ಣನವರು ಕಲ್ಯಾಣದ ಮಹಾಮನೆಯಲ್ಲಿ ಬಂದವರ ಕುಲವನ್ನು ಕೇಳದೆ ಉಣಬಡಿಸಿದರೆಂಬುದನ್ನು ಶ್ರಾವಣದ ಪುರಾಣದಲ್ಲಿ ಕೇಳಿ ತಲೆದೂಗಿದವನೂ ಈತನೇ. ಮಗುವಿಗೆ ಯಾರೂ ದಾಸೋಹವನ್ನು ಬೋಧಿಸಿರಲಿಲ್ಲ. ಕುಲಭೇದವನ್ನಾದರೋ ಅದು ಈಗ, ತಂದೆಯ ಬಾಯಿಂದ, ಮೊದಲ ಬಾರಿಗೆ ಕಲಿಯುತ್ತಿದೆ.

ತಾಯಿಯಾದರೂ ಎದ್ದು ಹೋಗಿ, "ಬಾರಪ್ಪಾ, ಉಣ್ಣು ಬಾ" ಎಂದು ಆ ಹುಡುಗನನ್ನು ಕರೆತಂದು, ತನ್ನ ಮಗುವಿನ ಮಗ್ಗುಲಲ್ಲಿಯೇ ಕೂರಿಸಿ ರೊಟ್ಟಿಯನ್ನು ನೀಡಿದರೆ ಆ ಗದರಿಕೆಯು ಬೇರೂರಲಾರದು. ಆದರೆ ಮನೆಗೆ ಹೋದಮೇಲೆ ತಿಳಿಹೇಳಿದರಾಯಿತೆಂದು ತಡೆಯಬಾರದು. ಬುತ್ತಿಯ ಗಂಟನ್ನು ಮತ್ತೆ ಕಟ್ಟುವುದರೊಳಗಾಗಿ ಆಗಬೇಕು.