ಹುಳು ಮನೆಯ ಮಡಿ

ಮಾರ್ಗಶಿರ ಬಂತೆಂದರೆ ನಮ್ಮ ನಂದಗುಡಿ ಕಡೆ ಮನೆಗಳಿಗೆ ಎರಡು ಕಡೆಯಿಂದ ನೀರಿನ ಕಾಟ. ಒಂದು, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಹಿಡಿಯುವ ಜಡಿಮಳೆ. 2022ರ ಡಿಸೆಂಬರಿನಲ್ಲಿ ಮ್ಯಾಂಡಸ್, 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ತಂದಂಥದ್ದು. ಅದಕ್ಕೆ ಚಪ್ಪಡಿ ಸಂದಿಗೆ ಗಾರೆ ಮೆತ್ತಿಸಿ, ಮಾಳಿಗೆಯ ನೀರು ಹೋಗುವ ದಾರಿ ಸರಿಮಾಡಿಸಿದರೆ ಬಹುಪಾಲು ಮುಗಿಯಿತು. ಇನ್ನೊಂದು ನೀರು ಹೊರಗಿನಿಂದ ಬರುವುದೇ ಇಲ್ಲ. ಚಳಿಗೆ ಹೆದರಿ ಕಿಟಕಿ ಬಾಗಿಲು ಜಡಿದುಕೊಂಡು, ಒಳಗೇ ಉಸಿರಾಡಿ, ಒಳಗೇ ಬೇಯಿಸಿ, ಒದ್ದೆ ಬಟ್ಟೆಯನ್ನೂ ಒಳಗೇ ಹರವುತ್ತೇವೆ. ಗ್ಯಾಸ್ ಉರಿದಾಗಲೂ ನೀರಾವಿ ಹುಟ್ಟುತ್ತದೆ. ಅಷ್ಟೂ ಹಬೆ ರಾತ್ರಿ ತಣ್ಣಗಾದ ಗೋಡೆಯ ಮೇಲೆ ಬೆವರಾಗಿ ಕೂರುತ್ತದೆ. ಬೀರುವಿನ ಹಿಂದೆ, ದೇವರ ಪಟಗಳ ಹಿಂದೆ ಬೂಷ್ಟು ಕಂಡಾಗ ಸೂರು ಸೋರುತ್ತಿದೆ ಎಂದು ಮೇಸ್ತ್ರಿಗೆ ಫೋನ್ ಮಾಡುತ್ತೇವೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಮುಂದೆ ನಾವು, ಹಿಂದೆ ಹುಳು, ನಡುವೆ ಒಂದೇ ಗೋಡೆ. ನಮ್ಮ ಕಡೆ ಬೂಷ್ಟು ಬಂದರೆ ಒರೆಸಿ ಸುಣ್ಣ ಬಳಿಯಬಹುದು. ಹುಳುವಿನ ಕಡೆ ಬೂಷ್ಟಿನದೇ ಜಾತಿಯ ಕಾಯಿಲೆ ಬಂದರೆ ಬೆಳೆಯೇ ಹೋಯಿತು. ಮಳೆಗಾಲ, ಚಳಿಗಾಲದ ಥಂಡಿಯಲ್ಲಿ ಬರುವ ಆ ಕಾಯಿಲೆಗೆ ನಮ್ಮಲ್ಲಿ ಸುಣ್ಣಕಟ್ಟು ಎನ್ನುತ್ತಾರೆ. ಅದರ ಬೀಜಕಣ ಹುಳುವಿನ ಬಾಯಿಂದಲ್ಲ, ಚರ್ಮ ತೂರಿಕೊಂಡೇ ಒಳಗೆ ಹೋಗುತ್ತದೆ. ಹಾಸಿಗೆಯಲ್ಲಿ ತೇವ ಹೆಚ್ಚಿ ಗಾಳಿಯಾಡದಿದ್ದರೆ ಮೊಳೆಯುತ್ತದೆ. ಕೆಲವೇ ದಿನಗಳಲ್ಲಿ ಹುಳು ಮೇವು ಬಿಟ್ಟು ಸಾಯುತ್ತದೆ. ಸತ್ತ ಮೇಲೆ ಮೈ ಗಟ್ಟಿಯಾಗಿ, ಮೇಲೆಲ್ಲ ಬಿಳಿ ಪುಡಿ ಹೊಮ್ಮಿ, ಬಗ್ಗಿಸಿದರೆ ಬಳಪದಂತೆ ಲಟಕ್ಕನೆ ಮುರಿಯುತ್ತದೆ. ಬೆಳ್ಳಗಾಗುವ ಮೊದಲೇ ಆರಿಸಿ ಸುಡಬೇಕು. ಬೆಳ್ಳಗಾದದ್ದನ್ನು ಅಲುಗಿಸಿದರೆ ಪುಡಿ ಹಾರಿ ಮನೆಯೆಲ್ಲ ಹರಡುತ್ತದೆ.

ಪ್ರಾಣಿಗಳ ರೋಗವೆಂದರೆ ಪಾಪವೂ ಅಲ್ಲ, ಕೆಟ್ಟ ಗಾಳಿಯೂ ಅಲ್ಲ, ಮತ್ತೊಂದು ಸೂಕ್ಷ್ಮಜೀವ ಎಂದು ಮನುಷ್ಯ ಪ್ರಯೋಗ ಮಾಡಿ ತಿಳಿದದ್ದು ಈ ಹುಳುವಿನಿಂದಲೇ. ಇಟಲಿಯ ಅಗೊಸ್ಟೀನೊ ಬಾಸ್ಸಿ 1835ರಲ್ಲಿ ಈ ಬಿಳಿ ಪುಡಿಯ ಶಿಲೀಂಧ್ರವೇ ರೋಗಕ್ಕೆ ಕಾರಣವೆಂದು ತೋರಿಸಿದ. ಪಾಶ್ಚರ್ ರೇಷ್ಮೆ ಹುಳುವಿನ ಇನ್ನೊಂದು ರೋಗಕ್ಕೆ ಕೈಹಾಕಿದ್ದು ಮೂವತ್ತು ವರ್ಷ ಕಳೆದ ಮೇಲೆ. ಆ ಶಿಲೀಂಧ್ರಕ್ಕೆ ಬಾಸ್ಸಿಯ ಹೆಸರೇ ಉಳಿದಿದೆ: ಬ್ಯೂವೇರಿಯಾ ಬ್ಯಾಸಿಯಾನ.

ಈ ಹೆಸರನ್ನು ನಾನು ಮೊದಲು ಓದಿದ್ದು ರೇಷ್ಮೆ ಇಲಾಖೆಯ ಕಾಗದದಲ್ಲಲ್ಲ, ನಮ್ಮ ಯಜಮಾನರು ಟೊಮೆಟೊಗೆ ಹೊಡೆಯಲು ತಂದ ಪೊಟ್ಟಣದ ಮೇಲೆ. ಕಾಯಿಕೊರಕ, ಬಿಳಿನೊಣ ಕೊಲ್ಲುವ ಜೈವಿಕ ಔಷಧಿ ಎಂದು ಅದನ್ನೇ ಮಾರುತ್ತಾರೆ. ಹೊಲದಲ್ಲಿ ನಮ್ಮ ಪಾಲಿಗೆ ದೇವರಾದದ್ದು ಹುಳು ಮನೆಯಲ್ಲಿ ಮಾರಿ. ವಿಷ ಬಿಟ್ಟು ಜೈವಿಕಕ್ಕೆ ಬನ್ನಿ ಎಂದು ಹೇಳುವವರು ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದೆಯೇ ಎಂದು ಕೇಳಬೇಕು. ಕೇಳುವವರು ಕಡಿಮೆ.

ಹೊಲದ ಆ ಪುಡಿ ಹುಳು ಮನೆಗೆ ಬರದಂತೆ ತಡೆಯುವುದು ಹೇಗೆ ಎಂಬಲ್ಲಿಂದ ನನಗೆ ಮಡಿಯ ಯೋಚನೆ ಹತ್ತಿತು. ನಮ್ಮ ಅತ್ತೆ ಹುಳು ಮನೆಯನ್ನು ಗುಡಿಯ ಹಾಗೆ ನಡೆಸಿದವರು. ಚಾಕಿ, ಅಂದರೆ ಎಳೆಯ ಹುಳು ತಂದ ದಿನ ಊದುಬತ್ತಿ ಹಚ್ಚಬೇಕು, ಚಪ್ಪಲಿ ಹೊರಗೆ, ಕೈಕಾಲು ತೊಳೆದೇ ಒಳಗೆ, ನೆಂಟರಿಷ್ಟರು ಹೊಸ್ತಿಲ ಆಚೆ. ಮುಟ್ಟಾದ ಹೆಂಗಸರಂತೂ ಅತ್ತ ಸುಳಿಯಕೂಡದು. ಕಡೆಯದೊಂದನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಇಲಾಖೆಯವರೂ ಹೇಳುತ್ತಾರೆ. ಊದುಬತ್ತಿಯ ಬದಲು ಬ್ಲೀಚಿಂಗ್ ಪೌಡರ್ ಎನ್ನುತ್ತಾರೆ, ಅಷ್ಟೆ. ಬೀಜಕಣ ಅಂಟುವುದು ಕಾಲಿಗೆ, ಕೈಗೆ, ಬಟ್ಟೆಗೆ. ಅದು ಯಾರ ಕಾಲು, ಯಾವ ಜಾತಿಯ ಕೈ, ಈ ಹೆಂಗಸಿಗೆ ತಿಂಗಳ ಯಾವ ದಿನ ಎಂದು ವಿಚಾರಿಸುವುದಿಲ್ಲ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ನಿಜವಾದ ಮೈಲಿಗೆ, ಟೊಮೆಟೊಗೆ ಔಷಧಿ ಹೊಡೆದು ಅದೇ ಅಂಗಿಯಲ್ಲಿ ಸೊಪ್ಪಿನ ಹೊರೆ ಹೊತ್ತು ಬರುವ ಗಂಡಸು. ಈಗ ಅವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲ. ನಾನು ತಿಂಗಳ ಮೂವತ್ತು ದಿನವೂ ಒಳಗಿರುತ್ತೇನೆ. ಅತ್ತೆ ಮೊದಮೊದಲು ಮುಖ ತಿರುಗಿಸಿಕೊಂಡರು, ಬೆಳೆ ಚೆನ್ನಾಗಿ ಬಂದ ಮೇಲೆ ಆ ಮಾತು ಎತ್ತಲಿಲ್ಲ.

ಆದರೆ ಕಿಟಕಿಯ ವಿಷಯದಲ್ಲಿ ಅವರ ಮಾತೇ ಸರಿ. "ಹೊತ್ತು ಮೇಲಕ್ಕೆ ಬರೋಗಂಟ ತಗೀಬ್ಯಾಡ ಕಣಮ್ಮಿ, ಬಂದಮ್ಯಾಕೆ ಮುಚ್ಚಬ್ಯಾಡ." ಬೆಳಗಿನ ಇಬ್ಬನಿಯನ್ನು ಒಳಗೆ ಬಿಟ್ಟುಕೊಳ್ಳಬಾರದು, ಮಧ್ಯಾಹ್ನದ ಒಣ ಬಿಸಿಲುಗಾಳಿಯನ್ನು ತಡೆಯಬಾರದು. ಒದ್ದೆ ಸೊಪ್ಪು ಹಾಕಕೂಡದು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸಿ ಒಣಗಿಸಬೇಕು. ಹಿಂದೆ ಗಾಳಿಯಾಡಲೆಂದು ನಮ್ಮ ಬೀರು, ಅಕ್ಕಿ ಮೂಟೆಯನ್ನೂ ಈಗ ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟಿದ್ದೇನೆ.

ಹೊಸಕೋಟೆಯಲ್ಲಿ ಜೊತೆಗೆ ಓದಿದ ಜೈನರ ಗೆಳತಿಯೊಬ್ಬಳಿದ್ದಾಳೆ. ಅವಳ ಧರ್ಮದ ಪ್ರಕಾರ ಬೂಷ್ಟಿನ ಒಂದೇ ಒಡಲಲ್ಲಿ ಲೆಕ್ಕವಿಲ್ಲದಷ್ಟು ಜೀವ. ಹಾಗಾದರೆ ಗೋಡೆ ಒರೆಸುವುದೂ ಹಿಂಸೆಯಲ್ಲವೇ ಎಂದು ಕೆಣಕಿದೆ. ಹೌದು ಎಂದಳು. ಅದಕ್ಕೇ ಅವರ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ, ಗೋಡೆ ಮೂಲೆ ಎಲ್ಲವನ್ನೂ ಬೂಷ್ಟು ಏಳುವ ಮೊದಲೇ ಒಣಗಿಸಿಡುತ್ತಾರಂತೆ; ಎದ್ದ ಮೇಲೆ ಒರೆಸಿದರೂ ಪಾಪ, ಬಿಟ್ಟರೂ ಪಾಪ. ಎಲ್ಲವನ್ನೂ ಒಣಗಿಸಿಡುವುದು ಬರೀ ಜಿಪುಣ ಗೃಹಿಣಿಯ ಜಾಣತನ ಎಂದುಕೊಂಡಿದ್ದ ನನಗೆ ಅದು ಅಹಿಂಸೆಯ ಒಂದು ವ್ರತವೂ ಆಗಬಹುದೆಂದು ಆಗ ಹೊಳೆಯಿತು. ಹುಟ್ಟುವುದಕ್ಕೇ ಆಸ್ಪದ ಕೊಡದಿದ್ದರೆ ಕೊಲ್ಲುವ ಪ್ರಸಂಗ ಬರುವುದಿಲ್ಲ.

ಗೋಡೆಯ ಮಟ್ಟಿಗೆ ಈ ಲೆಕ್ಕ ಸರಿಹೋಗುತ್ತದೆ. ಹುಳು ಮನೆಗೆ ತಂದರೆ ಸಿಕ್ಕಿಹಾಕಿಕೊಳ್ಳುತ್ತೇನೆ. ಇಷ್ಟೆಲ್ಲ ಕಾಪಾಡಿ, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವುದು ಯಾತಕ್ಕೆ? ಒಳಗಿನ ಜೀವ ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ಎಳೆ ಕಡಿದುಹೋಗುತ್ತದೆಂದು ಅದಕ್ಕೆ ಮೊದಲೇ ಬಿಸಿ ಕೊಟ್ಟು ಕೊಲ್ಲುತ್ತಾರೆ. ಬೂಷ್ಟಿನ ಕೈಯಿಂದ ಬಿಡಿಸಿಕೊಂಡು ಕುದಿನೀರಿಗೆ ಒಪ್ಪಿಸಿದ ಹಾಗಾಯಿತು. ಹುಳುವಿನ ಕಡೆಯಿಂದ ನೋಡಿದರೆ ಎರಡಕ್ಕೂ ಏನು ವ್ಯತ್ಯಾಸ?

ಸಮಾಧಾನ ಹೇಳುವವರಿದ್ದಾರೆ. ದೇವರ ಮೈಮೇಲೆ ರೇಷ್ಮೆಯಾಗುವುದರಿಂದ ಹುಳುವಿಗೆ ಮೋಕ್ಷ ಎನ್ನುತ್ತಾರೆ. ಮೋಕ್ಷ ಬೇಕೆಂದು ಹುಳು ಕೇಳಿರಲಿಲ್ಲ. ಅದು ಬರೀ ಹುಳು, ಅದಕ್ಕೇನು ಗೊತ್ತಾಗುತ್ತದೆ ಎನ್ನುವವರೂ ಇದ್ದಾರೆ. ಅವರು ರಾತ್ರಿ ಹುಳು ಮನೆಯಲ್ಲಿ ನಿಂತು, ಸೊಪ್ಪು ತಿನ್ನುವಾಗ ಏಳುವ ಆ ಸೋನೆಮಳೆಯ ಸದ್ದು ಕೇಳಿದವರಲ್ಲ. ಎರಡೂ ನನಗೆ ಬೇಡ. ಇದರಲ್ಲಿ ಹಿಂಸೆಯಿದೆ, ಈ ದುಡ್ಡಿನಲ್ಲೇ ಮಗಳು ಓದುತ್ತಿದ್ದಾಳೆ. ಇಷ್ಟನ್ನು ಒಟ್ಟಿಗೆ ಹೇಳಿಕೊಳ್ಳಬಲ್ಲೆ, ಒಂದರಿಂದ ಇನ್ನೊಂದನ್ನು ಅಳಿಸಲಾರೆ.

ಅತ್ತೆ ಇದನ್ನು ಬೇರೆ ರೀತಿ ಬಗೆಹರಿಸಿಕೊಂಡಿದ್ದಾರೆ. ಜೀವಮಾನವೆಲ್ಲ ಹುಳು ಸಾಕಿಯೂ ದೇವರ ಮುಂದೆ ಕೂರುವಾಗ ರೇಷ್ಮೆಯ ಮಗುಟ ಉಡುವುದಿಲ್ಲ, ಹತ್ತಿ ಸೀರೆಯನ್ನೇ ಒದ್ದೆ ಹಿಂಡಿ ಉಟ್ಟುಕೊಳ್ಳುತ್ತಾರೆ, ಮಾರ್ಗಶಿರದ ಚಳಿಯಲ್ಲೂ. ನಾನು ರೇಷ್ಮೆಯನ್ನೇ ಉಡುತ್ತೇನೆ. ಮಾರುವುದಕ್ಕೆ ಆಗುವುದು ಉಡುವುದಕ್ಕೆ ಆಗದು ಎಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಇದೊಂದರಲ್ಲಿ ನಮ್ಮಿಬ್ಬರಿಗೂ ಈವರೆಗೆ ರಾಜಿಯಾಗಿಲ್ಲ. ಅವರ ಒದ್ದೆ ಸೀರೆಯನ್ನು ಮಾತ್ರ ಪೂಜೆ ಮುಗಿದ ಕೂಡಲೇ ಅಂಗಳದ ಹಗ್ಗಕ್ಕೆ ಹಾಕಿಬರುತ್ತೇನೆ; ಒಳಗೆ ಹರವಲು ಬಿಡುವುದಿಲ್ಲ.