ಹೆಸರು ತಿಳಿಯದ ಹಿರಿಯರು: ಮುಂಬಯಿ ತುಳುವರ ಮೂಲಶೋಧ

ಮುಂಬಯಿ ನಗರ ಮತ್ತು ಉಪನಗರಗಳಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ನೆಲೆಸಿರುವ ತುಳುನಾಡಿನ ಕುಟುಂಬಗಳು ತಮ್ಮ ಮೂಲವನ್ನು ಅರಸುತ್ತ ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಜಿಲ್ಲೆಗಳ ಹಳ್ಳಿಗಳಿಗೆ ಹೋಗುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಹೊರಗಿನಿಂದ ನೋಡಿದವರಿಗೆ ಇದು ವಂಶಚರಿತ್ರೆಯ ಆಸಕ್ತಿಯೆಂದು ತೋರಬಹುದು. ಆದರೆ ಹೀಗೆ ಹೋಗುವವರಲ್ಲಿ ಹೆಚ್ಚಿನವರು ಮುತ್ತಜ್ಜಿಯ ಹೆಸರನ್ನಾಗಲಿ ಅವಳು ಹುಟ್ಟಿದ ವರ್ಷವನ್ನಾಗಲಿ ವಿಚಾರಿಸುವುದಿಲ್ಲ. ಅವರು ವಿಚಾರಿಸುವುದು ಕುಟುಂಬದ ಮೂಲನಾಗ ಯಾವ ಊರಿನ ಯಾವ ಬನದಲ್ಲಿದೆ, ಹಿರಿಯರು ನಂಬಿದ ದೈವ ಯಾವುದು, ಅದಕ್ಕೆ ಸಲ್ಲಬೇಕಾದ ಸೇವೆ ಎಷ್ಟು ಕಾಲದಿಂದ ನಿಂತುಹೋಗಿದೆ ಎಂಬುದನ್ನು. ವ್ಯಕ್ತಿಯ ಗುರುತನ್ನು ಬಿಟ್ಟು ಸ್ಥಳದ ಗುರುತನ್ನು ಹಿಡಿಯುವ ಈ ಕ್ರಮದ ಹಿಂದೆ ಒಂದು ಧಾರ್ಮಿಕ ಪ್ರಶ್ನೆಯಿದೆ: ಹೆಸರು, ಮುಖ, ಬದುಕು ಯಾವುದೂ ತಿಳಿಯದ ಹಿರಿಯರಿಗೆ ಮನುಷ್ಯನು ಋಣಿಯಾಗಿರುವುದು ಸಾಧ್ಯವೇ, ಸಾಧ್ಯವಾದರೆ ಅವರನ್ನು ತಿಳಿದುಕೊಳ್ಳುವುದೂ ಆ ಋಣದ ಒಂದು ಭಾಗವೇ?

ಇದಕ್ಕೆ ಎದುರಾಗಿ ಬೇರೊಂದು ಪದ್ಧತಿಯನ್ನು ಇಟ್ಟು ನೋಡಬಹುದು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿಯೊಂದು ಧರ್ಮಕೇಂದ್ರವೂ, ಅಂದರೆ ಒಂದು ಇಗರ್ಜಿಯ ವ್ಯಾಪ್ತಿಗೆ ಸೇರಿದ ಊರು, ತನ್ನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕಾಯಿತು. ತವರದ ಗಣಿಗಳು ಸೊರಗಿದಾಗ ಕಾರ್ನ್‌ವಾಲಿನ ಹಳ್ಳಿಗಳನ್ನು ಬಿಟ್ಟು, 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗೆ ಬಂದ ಕೆಲಸಗಾರರ ವಂಶದವರು ಅಂಥ ಪುಸ್ತಕಗಳ ಆಧಾರದಿಂದಲೇ ತಮ್ಮ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರಿಡಿದು ಗುರುತಿಸುತ್ತಾರೆ. ಕ್ಯಾಥೊಲಿಕ್ ಸಭೆಯಲ್ಲಿಯೂ 1563ರ ಟ್ರೆಂಟ್ ಮಹಾಸಭೆಯ ನಿರ್ಣಯದ ಮೇಲೆ ಮದುವೆಗಳ ದಾಖಲೆ ಕಡ್ಡಾಯವಾಯಿತು. ಮುಂಬಯಿಯಲ್ಲಿರುವ ಮಂಗಳೂರು ಮೂಲದ ಕೊಂಕಣಿ ಕ್ರೈಸ್ತರಿಗೂ ಈ ದಾರಿ ತೆರೆದಿದೆ, ಆದರೆ ಅದು ಅಖಂಡವಾಗಿಲ್ಲ: 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳು ನೆಲಸಮವಾಗಿ, 1799ರಲ್ಲಿ ಬದುಕುಳಿದವರು ಮರಳಿ ಬರುವವರೆಗೆ ದಾಖಲೆಯ ಸರಣಿ ತುಂಡಾಯಿತು. ಬಂಟ, ಬಿಲ್ಲವ, ಮೊಗವೀರ, ಕುಲಾಲ ಮೊದಲಾದ ಸಮುದಾಯಗಳಿಗೆ ಇಂಥ ಪುಸ್ತಕವೇ ಇರಲಿಲ್ಲ.

ಪುಸ್ತಕವಿಲ್ಲದಿರುವುದನ್ನು ಕೊರತೆಯೆಂದು ಎಣಿಸುವ ಮೊದಲು ಭಾರತೀಯ ಶಾಸ್ತ್ರವು ಪಿತೃಋಣವೆಂದು ಯಾವುದನ್ನು ಕರೆದಿದೆ ಎಂಬುದನ್ನು ನೋಡಬೇಕು. ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತಿರುತ್ತಾನೆ. ಋಷಿಗಳ ಋಣವು ಬ್ರಹ್ಮಚರ್ಯದಿಂದ, ದೇವತೆಗಳ ಋಣವು ಯಜ್ಞದಿಂದ, ಪಿತೃಗಳ ಋಣವು ಸಂತಾನದಿಂದ ತೀರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಪಿತೃಋಣವನ್ನು ತೀರಿಸುವ ಬಗೆ ಹಿಂದಕ್ಕೆ ನೋಡುವುದಲ್ಲ, ಮುಂದಕ್ಕೆ ಕೊಡುವುದು. ಮುಂದಿನ ಕಾಲದ ಶ್ರಾದ್ಧವಿಧಿಗಳು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂವರ ಹೆಸರು ಮತ್ತು ಗೋತ್ರವನ್ನು ಕೇಳಿದವಾದರೂ, ಹೆಸರು ತಿಳಿಯದವನು ಕರ್ಮವನ್ನು ಬಿಡಬೇಕೆಂದು ಅವು ಹೇಳಲಿಲ್ಲ. ಅಂಥವನು ಪಿತೃಗಳನ್ನು ಭೂಮಿಯಲ್ಲಿ, ಅಂತರಿಕ್ಷದಲ್ಲಿ, ದ್ಯುಲೋಕದಲ್ಲಿ ಇರುವವರೆಂದು ಸಂಬೋಧಿಸಿ ಪಿಂಡವಿಡಬಹುದೆಂದು ಸೂತ್ರಕಾರರು ಅವಕಾಶ ಕೊಟ್ಟರು, ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವನ್ನು ಹೇಳಿಕೊಳ್ಳುವ ದಾರಿಯನ್ನು ನಿಬಂಧಕಾರರು ತೋರಿಸಿದರು. ಭಾದ್ರಪದದ ಕೃಷ್ಣಪಕ್ಷದ ಕೊನೆಯ ದಿನವಾದ ಮಹಾಲಯ ಅಮಾವಾಸ್ಯೆಯಂದು ವಾಲ್ಕೇಶ್ವರದ ಬಾಣಗಂಗೆಯ ಮೆಟ್ಟಿಲುಗಳ ಮೇಲೆ ನಡೆಯುವ ತರ್ಪಣದಲ್ಲಿ ತಿಥಿ ತಿಳಿಯದವರೂ ಹೆಸರು ಮರೆತವರೂ ಒಟ್ಟಿಗೇ ಸಲ್ಲುತ್ತಾರೆ. ಕ್ರೈಸ್ತರು ನವೆಂಬರ್ 2ರಂದು ಆಚರಿಸುವ ಸಕಲ ಮೃತರ ದಿನದ ತಾತ್ಪರ್ಯವೂ ಇದೇ, ಗೋರಿಗೆ ಜಾಗ ಸಾಲದೆ ಕೆಲವು ವರ್ಷಗಳ ಬಳಿಕ ಅಸ್ಥಿಯನ್ನು ತೆಗೆದು ಗೂಡಿನಲ್ಲಿಡಬೇಕಾಗುವ ಮುಂಬಯಿಯಲ್ಲಿ ಆ ದಿನಕ್ಕೆ ಬೇರೆಯದೇ ತೂಕವಿದೆ. ಅಂತೂ ಅಜ್ಞಾನವು ಋಣಕ್ಕೆ ಅಡ್ಡಿಯಲ್ಲವೆಂಬುದು ಎರಡೂ ಪರಂಪರೆಗಳ ನಿಲುವು.

ಆದರೆ ತುಳುವರ ಹುಡುಕಾಟಕ್ಕೆ ಈ ಉದಾರತೆ ಸಾಲದು. ತರ್ಪಣಕ್ಕೆ ನೀರು, ಎಳ್ಳು, ಹೇಳಿಕೊಳ್ಳಲು ಒಂದು ಗೋತ್ರ ಇದ್ದರಾಯಿತು. ಅದನ್ನು ಬಾಣಗಂಗೆಯಲ್ಲಿ ಬಿಟ್ಟರೂ ನಾಸಿಕದ ಗೋದಾವರಿಯಲ್ಲಿ ಬಿಟ್ಟರೂ ಸಲ್ಲುತ್ತದೆ. ನಾಗ ಹಾಗಲ್ಲ. ನಾಗಬನವೆಂದರೆ ಮರ, ಬಳ್ಳಿ, ಹುತ್ತ, ಕಲ್ಲುಗಳಿರುವ, ಕಡಿಯಬಾರದ ಒಂದು ತುಂಡು ಕಾಡು. ಅದರ ನಾಗ ಆ ನೆಲಕ್ಕೆ ಒಡೆಯ, ಆ ನೆಲವನ್ನು ಉಳುತ್ತಿದ್ದ ಕುಟುಂಬಕ್ಕೆ ಮೂಲ. ಮನುಷ್ಯ ಊರು ಬಿಟ್ಟರೆ ಪಿತೃಗಳು ಅವನ ಸಂಕಲ್ಪದೊಡನೆ ಬರುತ್ತಾರೆ, ನಾಗ ಬರುವುದಿಲ್ಲ. ಹೋಟೆಲಿನ ಗಲ್ಲಾದಲ್ಲೋ ಕೋಟೆ ಪ್ರದೇಶದ ಕಚೇರಿಯ ಕ್ಯಾಂಟೀನಿನಲ್ಲೋ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕುರ್ಲಾ, ಅಂಧೇರಿ, ಡೊಂಬಿವಲಿಗಳಲ್ಲಿ ಮನೆ ಮಾಡಿದವರಿಗೆ ಹೀಗೆ ಎರಡು ಬಗೆಯ ಹಿರಿಯರು ಉಳಿದರು, ಜೊತೆಯಲ್ಲಿ ಬಂದವರು ಮತ್ತು ಊರಲ್ಲೇ ಇರುವವರು. ಮೂಲಶೋಧವೆಂಬುದು ಬಹುಮಟ್ಟಿಗೆ ಎರಡನೆಯವರನ್ನು ಕುರಿತದ್ದು.

ಅವರನ್ನು ತಲುಪುವ ಸೂತ್ರ ಬರಿ. ಕನ್ನಡದಲ್ಲಿ ಬಳಿ ಎಂದೂ ಕರೆಯುವ ಇದು ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಗುರುತು. ಒಂದೇ ಬರಿಯವರು ಒಡಹುಟ್ಟಿದವರಂತೆ, ಅವರೊಳಗೆ ಮದುವೆಯಿಲ್ಲ. ಭೂತಾಳ ಪಾಂಡ್ಯನ ಕಟ್ಟು ಎಂದು ಐತಿಹ್ಯ ಹೇಳುವ ಅಳಿಯಸಂತಾನ ಪದ್ಧತಿಯಲ್ಲಿ, ಅಂದರೆ ಆಸ್ತಿಯೂ ಮನೆತನವೂ ಹೆಣ್ಣಿನ ಸಂತತಿಯಲ್ಲಿ ಮುಂದುವರಿದು ಸೋದರಮಾವನಿಂದ ಅಳಿಯನಿಗೆ ಯಜಮಾನಿಕೆ ಬರುವ ವ್ಯವಸ್ಥೆಯಲ್ಲಿ, ಬರಿಯೇ ಮನುಷ್ಯನ ವಿಳಾಸವಾಗಿತ್ತು. ಸತ್ತ ಮೇಲೂ ಅದು ಅಳಿಯುವುದಿಲ್ಲ: ಮದುವೆಯಾಗದೆ ತೀರಿಕೊಂಡವರಿಗೆ ಆಟಿ ತಿಂಗಳಲ್ಲಿ ಮಾಡಿಸುವ ಕುಲೆ ಮದುವೆಗೆ, ಎಂದರೆ ಎರಡು ಪ್ರೇತಗಳ ವಿವಾಹಕ್ಕೆ, ಬರಿ ಬೇರೆಯಾಗಿರುವ ಪ್ರೇತವನ್ನೇ ಹುಡುಕಬೇಕು, 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನಲ್ಲಿ ಜಾತಿಯೊಡನೆ ಬರಿಯನ್ನೂ ನಮೂದಿಸಿದ್ದು ಇದೇ ಕಾರಣಕ್ಕೆ.

ಮುಂಬಯಿ ಈ ಸೂತ್ರವನ್ನು ಸದ್ದಿಲ್ಲದೆ ತಪ್ಪಿಸಿತು. ಸಾಲಿಯಾನ್, ಕೋಟ್ಯಾನ್, ಬಂಗೇರ, ಕರ್ಕೇರ, ಸುವರ್ಣ ಮೊದಲಾದ ಬರಿಯ ಹೆಸರುಗಳೇ ಬಿಲ್ಲವರಲ್ಲಿಯೂ ಮೊಗವೀರರಲ್ಲಿಯೂ ಅಡ್ಡಹೆಸರುಗಳಾಗಿವೆ. ತಾಯಿ ಸಾಲಿಯಾನ್, ತಂದೆ ಕೋಟ್ಯಾನ್ ಆದರೆ ಮಗುವಿನ ಬರಿ ಸಾಲಿಯಾನ್. ಆದರೆ ತನ್ನ ಹೆಸರು, ತಂದೆಯ ಹೆಸರು, ತಂದೆಯ ಅಡ್ಡಹೆಸರು ಎಂಬ ಮಹಾರಾಷ್ಟ್ರದ ಕ್ರಮದಲ್ಲಿ ಭರ್ತಿಯಾಗುವ ಶಾಲೆಯ ದಾಖಲೆಯಲ್ಲಿ ಮಗು ಕೋಟ್ಯಾನ್ ಆಗುತ್ತದೆ. ಆ ಮಗು ಹುಡುಗಿಯಾಗಿದ್ದು, ಅವಳ ಗಂಡ ಕರ್ಕೇರನಾಗಿದ್ದರೆ ಅವಳ ಮಕ್ಕಳು ಕಾಗದದಲ್ಲಿ ಕರ್ಕೇರ, ನಾಗನ ಎದುರು ಸಾಲಿಯಾನ್. ಎರಡು ತಲೆಮಾರು ಕಳೆದ ಮೇಲೆ ಅಡ್ಡಹೆಸರನ್ನೇ ನಂಬಿ ಊರಿಗೆ ಹೋದವರು ತಮ್ಮದಲ್ಲದ ಬನದಲ್ಲಿ ತಂಬಿಲ, ಎಂದರೆ ಹಾಲು ಎಳನೀರಿನ ವಾರ್ಷಿಕ ಸೇವೆ, ಮಾಡಿಸಿ ಬರುವುದು ಅಸಂಭವವಲ್ಲ.

ಹಾಗೆ ಮಾಡಿಸಿದ ಸೇವೆ ವ್ಯರ್ಥವೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ಮನುಷ್ಯನಿಗೆ 1024 ಪೂರ್ವಜರ ಸ್ಥಾನಗಳಿರುತ್ತವೆ. ಬರಿ ಅವುಗಳಲ್ಲಿ ತಾಯಿಯ ತಾಯಿಯ ತಾಯಿ ಎಂಬ ಒಂದೇ ಎಳೆಯನ್ನು ಹಿಡಿಯುತ್ತದೆ, ಗೋತ್ರವು ತಂದೆಯ ತಂದೆಯ ತಂದೆ ಎಂಬ ಇನ್ನೊಂದೇ ಎಳೆಯನ್ನು. ಉಳಿದ 1022 ಸ್ಥಾನಗಳಲ್ಲಿದ್ದವರೂ ಅಷ್ಟೇ ನಿಜವಾಗಿ ಪೂರ್ವಜರು, ಅವರ ಬನಗಳೂ ಎಲ್ಲೋ ಇವೆ. ಆದ್ದರಿಂದ ವಂಶವೆಂಬುದು ರಕ್ತದ ಪೂರ್ಣ ಲೆಕ್ಕವಲ್ಲ, ಯಾವ ಎಳೆಗೆ ಬದ್ಧರಾಗಿರಬೇಕೆಂದು ಒಂದು ಸಮಾಜ ಮಾಡಿಕೊಂಡ ಒಪ್ಪಂದ. ಬೇರೆ ಎಳೆಯನ್ನು ಹಿಡಿದವನು ಒಪ್ಪಂದವನ್ನು ತಪ್ಪಿದನೇ ಹೊರತು ಪರರ ಹಿರಿಯರನ್ನು ಪೂಜಿಸಿದನೆಂದು ಹೇಳಲಾಗದು.

ಬರಿಯೂ ಮರೆತುಹೋದಲ್ಲಿ ಕುಟುಂಬಗಳು ಮೊರೆಹೋಗುವುದು ಅಷ್ಟಮಂಗಲ ಪ್ರಶ್ನೆಗೆ. ಕೇರಳದಿಂದ ತುಳುನಾಡಿನವರೆಗೆ ಹಬ್ಬಿರುವ ಈ ವಿಧಾನಕ್ಕೆ ಹದಿನೇಳನೆಯ ಶತಮಾನದ ಪ್ರಶ್ನಮಾರ್ಗವೆಂಬ ಗ್ರಂಥ ಆಧಾರ. ಎಂಟು ಮಂಗಳದ್ರವ್ಯಗಳನ್ನಿಟ್ಟು, ನೆಲದ ಮೇಲೆ ಬರೆದ ರಾಶಿಚಕ್ರದಲ್ಲಿ ಏನೂ ಅರಿಯದ ಮಗುವಿನ ಕೈಯಿಂದ ಚಿನ್ನದ ತುಣುಕೊಂದನ್ನು ಇಡಿಸುತ್ತಾರೆ. 108 ಕವಡೆಗಳನ್ನು ದೈವಜ್ಞನು ಮೂರು ಪಾಲು ಮಾಡಿ, ಒಂದೊಂದು ಪಾಲಿನಿಂದ ಎಂಟೆಂಟನ್ನು ಕಳೆದು ಉಳಿದದ್ದನ್ನು ಅಂಕಿಯಾಗಿ ಹಿಡಿಯುತ್ತಾನೆ. ಬಂದವರು ಕೊಟ್ಟ ವೀಳ್ಯದೆಲೆಗಳಲ್ಲಿ ಹನ್ನೆರಡನ್ನು ಹನ್ನೆರಡು ಭಾವಗಳೆಂದು ಎಣಿಸಿ, ಯಾವ ಎಲೆ ಹರಿದಿದೆ, ಯಾವುದು ಬಾಡಿದೆ ಎಂದು ನೋಡುತ್ತಾನೆ. ಕೊನೆಗೆ ಹೊರಬರುವುದು ಒಂದು ಕಥನ: ಇಷ್ಟು ತಲೆಮಾರಿನ ಹಿಂದೆ, ಇಂಥ ದಿಕ್ಕಿನಲ್ಲಿ, ನೀರಿನ ಬಳಿ ಒಂದು ನಾಗಸಾನ್ನಿಧ್ಯ; ಮನೆಯಿಂದ ಹೊರಹಾಕಿದ ಒಬ್ಬ ಹೆಣ್ಣುಮಗಳು; ಅವಳ ಕಣ್ಣೀರು. ಪ್ರಮಾಣಶಾಸ್ತ್ರದ, ಅಂದರೆ ಜ್ಞಾನ ಹೇಗೆ ಹುಟ್ಟುತ್ತದೆಂಬ ವಿಚಾರದ, ದೃಷ್ಟಿಯಿಂದ ಇದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ. ಕಂಡವರು ಯಾರೂ ಇಲ್ಲದ್ದರಿಂದ ಇದನ್ನು ಆಪ್ತವಾಕ್ಯವೆನ್ನುವುದೂ ಕಷ್ಟ. ಚದುರಿಹೋದ ದಾಯಾದಿಗಳನ್ನು ಒಂದು ನಿರ್ಧಾರಕ್ಕೆ ತರುವ ಉಪಾಯವಾಗಿ ಪ್ರಶ್ನೆಗೆ ಬೆಲೆಯಿದೆ. ಮರುದಿನವೇ ಅದನ್ನು ಮನೆತನದ ಇತಿಹಾಸವೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದನ್ನು ಮಾತ್ರ ಒಪ್ಪಲಾಗದು, ಏಕೆಂದರೆ ಆ ಅಚ್ಚು ಮುಂದಿನವರ ಪಾಲಿಗೆ ಸಾಕ್ಷ್ಯವಾಗಿ ನಿಲ್ಲುತ್ತದೆ.

ಲಿಖಿತ ಸಾಕ್ಷ್ಯ ಇಲ್ಲವೇ ಇಲ್ಲವೆಂದೂ ಅಲ್ಲ. ಅದು ಇರುವುದು ಅನಿರೀಕ್ಷಿತ ಜಾಗದಲ್ಲಿ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರು, ಅಂದರೆ ಒಬ್ಬ ಹೆಣ್ಣಿನಿಂದ ಹುಟ್ಟಿದ ಶಾಖೆ, ತನ್ನ ಪಾಲನ್ನು ಕೇಳಿ ಪಡೆಯಬಹುದೆಂದು ವಿಧಿಸಿದಾಗ ಹೂಡಿದ ಪಾಲಿನ ದಾವೆಗಳಲ್ಲಿ ವಂಶವೃಕ್ಷವನ್ನು ಹಾಜರುಪಡಿಸಬೇಕಾಗಿತ್ತು, ಆ ವೃಕ್ಷ ಒಬ್ಬ ಮೂಲಸ್ತ್ರೀಯಿಂದ ತೊಡಗಿ ಅವಳ ಹೆಣ್ಣುಮಕ್ಕಳ ಹೆಸರುಗಳನ್ನು ಸಾಲಾಗಿ ಹೇಳಬೇಕಾಗಿತ್ತು. ಶ್ರಾದ್ಧದ ಸಂಕಲ್ಪದಲ್ಲಿ ಗಂಡಂದಿರ ಹಿಂದೆ ನಿಲ್ಲುವ ಹೆಂಗಸರು ಈ ಕಡತಗಳಲ್ಲಿ ಮುಂದೆ ನಿಂತಿದ್ದಾರೆ. ಜಗಳವಾಡಿದ ಮನೆಗಳ ಅಜ್ಜಿಯರ ಹೆಸರು ಹೀಗೆ ಉಳಿಯಿತು, ಹೊಂದಿಕೊಂಡು ಬಾಳಿದ ಮನೆಗಳದು ಉಳಿಯಲಿಲ್ಲ. ಪಾಲಾಗಲು ಆಸ್ತಿಯೇ ಇಲ್ಲದ ಒಕ್ಕಲುಗಳದ್ದಂತೂ ಬರೆಯುವ ಪ್ರಸಂಗವೇ ಬರಲಿಲ್ಲ.

ಒಕ್ಕಲುಗಳ ಮಾತು ಬಂದಾಗ ಋಣದ ಇನ್ನೊಂದು ಮುಖ ಕಾಣುತ್ತದೆ. ಕರ್ನಾಟಕದ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಉಳುವ ಭೂಮಿಯ ಒಡೆತನ ಪಡೆದ ಮೇಲೆ ಎಷ್ಟೋ ಕುಟುಂಬಗಳ ನಾಗಬನ ಬೇರೆಯವರ ವರ್ಗಜಾಗದೊಳಗೆ ಉಳಿಯಿತು. ಮುಂಬಯಿಯಿಂದ ಕಾರು ಮಾಡಿಕೊಂಡು ಬಂದವರು ನಾಗಪ್ರತಿಷ್ಠೆಗೆ ಜಾಗ ಬಿಡಿರೆಂದು ಕೇಳುವುದು, ಒಂದು ಕಾಲದಲ್ಲಿ ತಮ್ಮ ಹಿರಿಯರಿಗೆ ಗೇಣಿ ಅಳೆದ ಮನೆಯವರನ್ನೇ. ಐವತ್ತು ವರ್ಷ ಆ ಬನಕ್ಕೆ ಕತ್ತಿ ತಾಗಿಸದೆ, ಪಂಚಮಿಗೆ ಹಾಲೆರೆದು ಕಾಯ್ದವರು ಅವರು. ನಾಗನಿಗೆ ಸಲ್ಲಬೇಕಾದದ್ದು ನಡೆದೇ ಇದೆ, ನಡೆಸಿದವರು ಮಾತ್ರ ಬರಿಗೆ ಸೇರಿದವರಲ್ಲ. ಮದುವೆ ತಡವಾಯಿತೆಂದೋ ಮಕ್ಕಳಾಗಲಿಲ್ಲವೆಂದೋ ಚರ್ಮರೋಗ ಬಂತೆಂದೋ ದೋಷಪರಿಹಾರಕ್ಕೆ ಬರುವವರು, ಹಿರಿಯರ ಋಣದ ಜೊತೆಗೆ ಈ ಜೀವಂತ ಮನೆಯವರ ಋಣವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಪ್ರಶ್ನೆಯ ಚಾರ್ತಿಯಲ್ಲಿ, ಅಂದರೆ ಪರಿಹಾರಕರ್ಮಗಳ ಪಟ್ಟಿಯಲ್ಲಿ, ಅದಕ್ಕೊಂದು ಸಾಲು ಇರುವುದು ಅಪರೂಪ.

ಮೂಲ ತಿಳಿಯದವನ ಸ್ಥಾನವನ್ನು ಅತ್ಯಂತ ಧೈರ್ಯದಿಂದ ವಿಚಾರಿಸಿದ್ದು ಛಾಂದೋಗ್ಯ ಉಪನಿಷತ್ತು. ವಿದ್ಯೆಗಾಗಿ ಹೊರಟ ಸತ್ಯಕಾಮನಿಗೆ ಗೋತ್ರ ಗೊತ್ತಿಲ್ಲ, ತಾಯಿ ಜಬಾಲೆಗೂ ಗೊತ್ತಿಲ್ಲ, ಗೊತ್ತಿಲ್ಲವೆಂಬುದನ್ನು ಅವಳು ಮುಚ್ಚಿಡುವುದಿಲ್ಲ. ಅವನು ಆ ಮಾತನ್ನೇ ಗುರು ಗೌತಮನ ಎದುರು ಹೇಳಿ ತಾಯಿಯ ಹೆಸರಿನಿಂದ ಜಾಬಾಲನಾಗುತ್ತಾನೆ, ಗುರು ಅವನ ಸತ್ಯವನ್ನು ಕಂಡು ಉಪನಯನ ಮಾಡುತ್ತಾನೆ. ಉಪನಿಷತ್ತು ಇಲ್ಲಿ ಗೋತ್ರವನ್ನು ಬೇಡವೆಂದಿಲ್ಲ; ಅದರ ಜಾಗದಲ್ಲಿ ಸುಳ್ಳು ಗೋತ್ರವನ್ನು ತಂದಿಡುವುದಕ್ಕಿಂತ ಆ ಜಾಗವನ್ನು ಖಾಲಿ ಬಿಡುವುದು ಮೇಲೆಂದು ತೋರಿಸಿದೆ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಹುಟ್ಟಿನ ಗುರುತುಗಳನ್ನೇ ದಾಟಿ ಮಾತನಾಡಿದರು, ಅವರನ್ನು ಆರಾಧಿಸುವ ಮನೆಗಳಲ್ಲಿಯೇ ಬರಿಯ ವಿಚಾರಣೆ ಮೊದಲಿನಷ್ಟೇ ಶ್ರದ್ಧೆಯಿಂದ ನಡೆದಿದೆ.

ಮುಂಬಯಿಯಲ್ಲಿ ಈ ಪ್ರಶ್ನೆ ಈಗ ಹೊಸ ರೂಪ ತಾಳಿದೆ. ತಂದೆ ತುಳುವನಾಗಿ ತಾಯಿ ಮರಾಠಿಯೋ ಗುಜರಾತಿಯೋ ಆಗಿರುವ ಮಕ್ಕಳು ಬಹಳ ಮಂದಿ ಇದ್ದಾರೆ. ತಾಯಿಯಿಂದಲೇ ಬರುವ ಬರಿ, ಕಟ್ಟಿನ ಪ್ರಕಾರ, ಅವರಿಗೆ ಇಲ್ಲ. ತಂದೆಯ ಅಡ್ಡಹೆಸರು ಅವರಿಗಿದೆ, ಆದರೆ ತಂದೆಯ ಕುಟುಂಬದ ಬನದಲ್ಲಿ ಅವರ ಹೆಸರಿನ ಸಂಕಲ್ಪಕ್ಕೆ ಸ್ಥಾನವೆಲ್ಲಿ ಎಂಬುದನ್ನು ಅಳಿಯಸಂತಾನದ ಕಾನೂನು ಯೋಚಿಸಿರಲಿಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಅದು ಬೇಕಾಗಿಯೂ ಇರಲಿಲ್ಲ. ಕಾಶ್ಯಪ ಗೋತ್ರವನ್ನು ಎಲ್ಲರಿಗೂ ತೆರೆದಿಟ್ಟಂತೆ ಬರಿಯಿಲ್ಲದವರಿಗೆ ಒಂದು ಬರಿಯನ್ನು ತೆರೆದಿಡುವ ಅಧಿಕಾರ ಯಾವ ಶಾಸ್ತ್ರಕಾರನಿಗೂ ಇಲ್ಲ. ಅದು ಕುಟುಂಬದ ಮನೆಯ ಹಿರಿಯರಿಗೆ, ಅವರಲ್ಲೂ ಹೆಂಗಸರಿಗೆ, ಸೇರಿದ ವಿಷಯ. ಆ ಮಕ್ಕಳನ್ನು ನಾಗರ ಪಂಚಮಿಗೆ ಬನದ ಕಟ್ಟೆಯವರೆಗೆ ಕರೆದೊಯ್ಯುವವರೂ ಅವರೇ.