*ಇಂದಿನ ಧಮ್ಮ ಚಿಂತನೆ: ‘ನಾಶ’ಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?*

 



ನಮ್ಮ ಅಧ್ಯಯನದಲ್ಲಿ ಯುವಕ ಯುವತಿಯರು ಆಗಾಗ ಕೇಳುವ ಪ್ರಶ್ನೆ ಒಂದಿದೆ. ಬಾಬಾಸಾಹೇಬರು ತಮ್ಮ ಪುಸ್ತಕಕ್ಕೆ ‘ಜಾತಿ ಸುಧಾರಣೆ’ ಎಂದು ಹೆಸರಿಡಬಹುದಿತ್ತು. ‘ಅನೈಹಿಲೇಷನ್ ಆಫ್ ಕಾಸ್ಟ್’ ಎಂದು ಅಷ್ಟು ಕಠಿಣವಾದ ಪದವನ್ನೇ ಏಕೆ ಇಟ್ಟರು? ನಾಶ ಎಂದರೆ ಜನ ಹೆದರುವುದಿಲ್ಲವೇ?

ಒಳ್ಳೆಯ ಪ್ರಶ್ನೆ. ಉತ್ತರ ಬೇಕಾದರೆ ಇಂಗ್ಲಿಷಿನಲ್ಲಿ ನಾಶಕ್ಕಿರುವ ಪದಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

*ಡೆಮಾಲಿಷ್.* ಇದು ಗೋಡೆಗೆ, ಕಟ್ಟಡಕ್ಕೆ ಹೇಳುವ ಮಾತು. ಕಟ್ಟಿದ್ದನ್ನು ಕೆಡವುವುದು. ಜೆಸಿಬಿ ತಂದರೆ ಒಂದು ದಿನದ ಕೆಲಸ.

*ಅಬಾಲಿಷ್.* ಮನೆಯನ್ನು ಯಾರೂ ಅಬಾಲಿಷ್ ಮಾಡುವುದಿಲ್ಲ. ಕಾನೂನು, ತೆರಿಗೆ, ಪದ್ಧತಿ ಇಂಥವಕ್ಕೆ ಮಾತ್ರ ಈ ಪದ. ಅಮೆರಿಕದಲ್ಲಿ 1865ರಲ್ಲಿ ಸಂವಿಧಾನ ತಿದ್ದಿ ಗುಲಾಮಗಿರಿಯನ್ನು ತೆಗೆದದ್ದಕ್ಕೆ ಇದೇ ಪದ ಬಳಸುತ್ತಾರೆ.

*ಡೆಸಿಮೇಟ್.* ಈಗ ಇದನ್ನು ದೊಡ್ಡ ನಾಶ ಎಂಬ ಅರ್ಥದಲ್ಲಿ ಬಳಸುತ್ತಾರೆ. ಮೂಲದಲ್ಲಿ ರೋಮನ್ ಸೈನ್ಯದ ಶಿಕ್ಷೆ ಅದು: ಚೀಟಿ ಎತ್ತಿ ಹತ್ತರಲ್ಲಿ ಒಬ್ಬನನ್ನು ಕೊಲ್ಲುವುದು. ಒಬ್ಬ ಹೋದ, ಒಂಬತ್ತು ಮಂದಿ ಉಳಿದರು. ಸೈನ್ಯ ಹಾಗೆಯೇ ಇತ್ತು.

*ಎರಾಡಿಕೇಟ್.* ಬೇರು ಸಹಿತ ಕೀಳುವುದು. ಲ್ಯಾಟಿನ್ ಭಾಷೆಯ ‘ಬೇರು’ ಎಂಬ ಪದದಿಂದ ಬಂದದ್ದು. ಮೂಲಂಗಿಗೆ ಹೇಳುವ ‘ರ‍್ಯಾಡಿಶ್’ ಕೂಡ ಅಲ್ಲಿಂದಲೇ ಬಂದದ್ದು. ನಮ್ಮ ‘ನಿರ್ಮೂಲನೆ’ ಇದಕ್ಕೆ ಸರಿಯಾದ ಜೋಡಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ನಿರ್ಮೂಲನೆಯಾಯಿತು ಎಂದು ಘೋಷಿಸಿದಾಗ ಬಳಸಿದ್ದು ಈ ಪದವನ್ನೇ. ಆಮೇಲೆ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವುದೇ ನಿಂತಿತು. ಪೋಲಿಯೊ ಹಾಗಲ್ಲ. ಭಾರತ 2014ರಲ್ಲಿ ಪೋಲಿಯೊ ಮುಕ್ತವೆಂದು ಪ್ರಮಾಣ ಪತ್ರ ಪಡೆಯಿತು, ಆದರೂ ಮಗುವಿನ ಬಾಯಿಗೆ ಹನಿ ಹಾಕುವುದು ನಿಂತಿಲ್ಲ. ಹನಿ ಬೇಕಾಗಿರುವ ತನಕ ಬೇರು ಎಲ್ಲೋ ಇದೆ ಎಂದೇ ಅರ್ಥ. “ಈಗ ಜಾತಿ ಎಲ್ಲಿದೆ, ಇನ್ನೂ ಕಾನೂನು ಯಾಕೆ, ಮೀಸಲಾತಿ ಯಾಕೆ” ಎನ್ನುವವರಿಗೆ ಈ ಉದಾಹರಣೆ ಹೇಳಿ.

ಕೊನೆಯದು *ಅನೈಹಿಲೇಟ್.* ಇದರೊಳಗೆ ಇರುವುದು ‘ನಿಹಿಲ್’, ಅಂದರೆ ‘ಏನೂ ಇಲ್ಲ’. ಏನೂ ಉಳಿಯದಂತೆ ಮಾಡುವುದು. ಗೋಡೆ ಕೆಡವಿದರೆ ಇಟ್ಟಿಗೆ ಉಳಿಯುತ್ತದೆ, ಅದೇ ಇಟ್ಟಿಗೆಯಲ್ಲಿ ಮತ್ತೆ ಗೋಡೆ ಕಟ್ಟಬಹುದು. ಇಲ್ಲಿ ಇಟ್ಟಿಗೆಯೂ ಉಳಿಯುವುದಿಲ್ಲ.

ಈಗ 1936ಕ್ಕೆ ಬನ್ನಿ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ್ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಬಾಬಾಸಾಹೇಬರನ್ನು ಕರೆಯಿತು. ‘ತೋಡಕ್’ ಎಂದರೆ ಮುರಿಯುವವರು. ಹೆಸರಿನಲ್ಲೇ ಮುರಿಯುವುದನ್ನು ಇಟ್ಟುಕೊಂಡವರು ಭಾಷಣದ ಪ್ರತಿ ಓದಿ ಹಿಂಜರಿದರು. ಸಹಭೋಜನ, ಅಂತರ್ಜಾತಿ ವಿವಾಹದ ಮಾತು ಅವರಿಗೆ ಒಪ್ಪಿಗೆಯಿತ್ತು. ವೇದ ಶಾಸ್ತ್ರಗಳ ಪಾವಿತ್ರ್ಯವನ್ನು ಪ್ರಶ್ನಿಸುವ ಮಾತು ಬೇಡವಾಗಿತ್ತು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು. ಅವರು ಭಾಷಣವನ್ನು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು.

ಅವರ ವಾದದ ತಿರುಳು ಇಷ್ಟು. ಜಾತಿ ಇಟ್ಟಿಗೆಯ ಗೋಡೆಯಲ್ಲ, ಮುಳ್ಳುತಂತಿಯ ಬೇಲಿಯಲ್ಲ. ಅದು ಮನಸ್ಸಿನಲ್ಲಿ ಕೂತ ಒಂದು ಕಲ್ಪನೆ. ಹಾಗಾದ ಮೇಲೆ ‘ಡೆಮಾಲಿಷ್’ ಪದಕ್ಕೆ ಅಲ್ಲಿ ಕೆಲಸವಿಲ್ಲ. ಮನಸ್ಸಿನ ಕಲ್ಪನೆಯನ್ನು ಅರ್ಧ ಕೆಡವಲು ಬರುವುದಿಲ್ಲ. ಮೇಲು ಕೀಳಿನ ಭಾವ ಇರುತ್ತದೆ, ಇಲ್ಲವೇ ಇರುವುದಿಲ್ಲ.

ಸಂವಿಧಾನ ಬರೆಯುವಾಗಲೂ ಪದದ ಅಳತೆ ತಪ್ಪಲಿಲ್ಲ. 17ನೇ ವಿಧಿ ಅಸ್ಪೃಶ್ಯತೆಗೆ ಬಳಸುವುದು ‘ಅಬಾಲಿಷ್’ ಪದವನ್ನು. ಅದರ ಆಚರಣೆಯನ್ನು ನಿಷೇಧಿಸಿ ಶಿಕ್ಷಾರ್ಹ ಅಪರಾಧ ಮಾಡುತ್ತದೆ. ಕಾನೂನಿನ ಕೈ ತಲುಪುವುದು ಅಲ್ಲಿಯ ತನಕ. ಅದು ಹೋಟೆಲಿನ ಬೇರೆ ಲೋಟವನ್ನು ತೆಗೆಸಬಲ್ಲದು. ಲೋಟ ಬೇರೆ ಇಟ್ಟ ಮನಸ್ಸನ್ನು ತೊಳೆಯಲಾರದು. ಆ ಕೆಲಸಕ್ಕೆ ಧಮ್ಮ ಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಡೆದದ್ದು ಆ ದಾರಿಯಲ್ಲಿ.

ಬಂಧುಗಳೇ, ‘ನಾಶ ಮಾಡುವವನು’ ಎಂಬ ಆರೋಪ ಭಗವಾನ್ ಬುದ್ಧರ ಮೇಲೂ ಬಂದಿತ್ತು. ವೇಸಾಲಿಯ ಸೀಹ ಸೇನಾಪತಿ ಬಂದು, ನಿಮ್ಮನ್ನು ಜನ ಹೀಗೆಲ್ಲ ಹೇಳುತ್ತಾರಲ್ಲ ಎಂದು ಕೇಳಿದ ಪ್ರಸಂಗ ಅಂಗುತ್ತರ ನಿಕಾಯದಲ್ಲಿದೆ. ಆರೋಪಗಳಲ್ಲಿ ಒಂದು, ಸಮಣ ಗೋತಮ ಉಚ್ಛೇದವಾದಿ ಎಂಬುದು. ಇಂಗ್ಲಿಷ್ ಅನುವಾದಕರು ಇಲ್ಲಿ ಬಳಸುವುದು ಅದೇ ‘ಅನೈಹಿಲೇಷನ್’ ಪದವನ್ನು. ಬುದ್ಧರು ಸಿಟ್ಟಾಗಲಿಲ್ಲ. ಒಂದು ಅರ್ಥದಲ್ಲಿ ಆ ಮಾತು ನಿಜವೇ ಎಂದರು: ರಾಗ, ದ್ವೇಷ, ಮೋಹಗಳ ಉಚ್ಛೇದವನ್ನು ನಾನು ಬೋಧಿಸುತ್ತೇನೆ. ಜೀವಿಯ ನಾಶವನ್ನಲ್ಲ, ಜೀವಿಯನ್ನು ಸುಡುವ ಬೆಂಕಿಯ ನಾಶವನ್ನು. ನಿಬ್ಬಾಣ ಎಂಬ ಪದದ ಅರ್ಥವೂ ಆರುವುದು ಎಂದೇ.

ಇದೇ ನಮ್ಮ ಉತ್ತರ. ಲೋಕ ‘ಅನೈಹಿಲೇಟ್’ ಪದವನ್ನು ಹೆಚ್ಚಾಗಿ ಯುದ್ಧದಲ್ಲಿ ಬಳಸುತ್ತದೆ, ಶತ್ರುವಿನ ಪಡೆಗೆ. ಬಾಬಾಸಾಹೇಬರು ಅದನ್ನು ಯಾವ ಜನರ ಮುಂದೆಯೂ ಇಡಲಿಲ್ಲ, ಒಂದು ಕಲ್ಪನೆಯ ಮುಂದೆ ಇಟ್ಟರು. ಹೆದರಬೇಕಾದ್ದು ಜಾತಿ, ಮನುಷ್ಯರಲ್ಲ.

ಆದರೆ ಈ ಪದ ಮೊದಲು ನಮ್ಮ ಮನೆಯ ಬಾಗಿಲು ತಟ್ಟುತ್ತದೆ. ದೀಕ್ಷೆ ಪಡೆದ ಮೇಲೂ ಮಗಳಿಗೆ ಸಂಬಂಧ ಬಂದಾಗ “ಅವರು ಬಲಗೈನವರೋ ಎಡಗೈನವರೋ” ಎಂದು ಮೆಲ್ಲಗೆ ವಿಚಾರಿಸುವವರನ್ನು ನಾನು ಕಂಡಿದ್ದೇನೆ, ನೀವೂ ಕಂಡಿದ್ದೀರಿ. ಮೇಲಿನವರು ನಮ್ಮನ್ನು ಕೇಳುವ ಪ್ರಶ್ನೆಯನ್ನು ನಾವು ಪಕ್ಕದವರಿಗೆ ಕೇಳಿದರೆ ಅದು ಬರೀ ‘ಡೆಸಿಮೇಟ್’: ಒಂದನ್ನು ಬಿಟ್ಟೆವು, ಒಂಬತ್ತನ್ನು ಉಳಿಸಿಕೊಂಡೆವು.

*ಇಂದಿನ ಅಭ್ಯಾಸ:* ಇವತ್ತು ಹೊಸಬರೊಬ್ಬರ ಪರಿಚಯವಾದಾಗ “ಇವರು ಯಾವ ಕಡೆಯವರಿರಬಹುದು” ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದರೆ ಅದನ್ನು ಗಮನಿಸಿ. ಉತ್ತರ ಹುಡುಕಬೇಡಿ. ಎಣ್ಣೆ ಹಾಕದ ದೀಪ ತಾನೇ ಆರುತ್ತದೆ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್ 🙏